ಹಾಲುಣಿಸುವಾಗ ಮೊಲೆತೊಟ್ಟು ಒಡೆದು ವಿಪರೀತ ನೋವು: 9 ದಿನದ ಕೂಸು, ಏನು ಮಾಡಲಿ?

ಹೊಸ ಬಾಣಂತಿ, ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗಿದು ಚೊಚ್ಚಲ ಹೆರಿಗೆ. ಹೆಣ್ಣು ಕೂಸು, ಇಂದಿಗೆ 9 ದಿನ. ಸಹಜ ಹೆರಿಗೆಯಾಗಿ ಮೂರನೆಯ ದಿನ ಮನೆಗೆ ಬಂದೆವು. ಆಗುಂಬೆ ಕಡೆಯ ತವರುಮನೆಯಲ್ಲಿ ಬಾಣಂತನ ನಡೆಯುತ್ತಿದೆ. ಹುಟ್ಟಿದಾಗ ಕೂಸಿನ ತೂಕ 2.9 ಕೆ.ಜಿ. ಇತ್ತು, ಮನೆಗೆ ಬರುವ ದಿನ 2.7 ಆಗಿತ್ತು, ಏಳನೆಯ ದಿನ ಆಶಾ ಕಾರ್ಯಕರ್ತೆ ಬಂದು ತೂಗಿದಾಗ 2.75 ಬಂತು.

ನನ್ನ ತೊಂದರೆ ಮೊಲೆತೊಟ್ಟಿನ ನೋವು. ಕೂಸು ಬಾಯಿ ಹಾಕಿದೊಡನೆ ಕಾಲಿನ ಬೆರಳುಗಳೆಲ್ಲ ಮಡಚಿಕೊಳ್ಳುವಷ್ಟು ನೋವಾಗುತ್ತದೆ, ಅದು ಕುಡಿದು ಮುಗಿಸುವವರೆಗೂ ಆ ನೋವು ಇಳಿಯುವುದಿಲ್ಲ. ಬಲಗಡೆಯ ತೊಟ್ಟಿನ ಬುಡದಲ್ಲಿ ಅಡ್ಡಕ್ಕೆ ಸೀಳು ಬಿಟ್ಟಿದೆ. ನಿನ್ನೆ ಕೂಸು ಕಕ್ಕಿದ ಹಾಲಿನಲ್ಲಿ ಕೆಂಪು ಎಳೆ ಕಂಡು ನನ್ನ ಕೈಕಾಲು ತಣ್ಣಗಾದವು. ರಾತ್ರಿ ಅದು ಎಚ್ಚರವಾಗಿ ತಲೆ ಆಡಿಸತೊಡಗಿದರೆ ಸಾಕು, ಮತ್ತೆ ಹಾಲು ಕೊಡಬೇಕಲ್ಲ ಎಂದು ಅಳು ಬರುತ್ತದೆ, ಹಾಗೆ ಅನಿಸಿತಲ್ಲ ಎಂದು ಇನ್ನೊಮ್ಮೆ ಅಳು ಬರುತ್ತದೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮ ತುಪ್ಪ ಸವರುತ್ತಾರೆ. ಜೇನುತುಪ್ಪ ಹಚ್ಚಿದರೆ ಗಾಯ ಬೇಗ ಕೂಡುತ್ತದೆ ಎನ್ನುತ್ತಾರೆ ಅಜ್ಜಿ. ಎರಡು ದಿನ ಡಬ್ಬಿಹಾಲು ಕೊಟ್ಟು ಎದೆಗೆ ವಿಶ್ರಾಂತಿ ಕೊಡು ಎಂಬುದು ಚಿಕ್ಕಮ್ಮನ ಸಲಹೆ. ಆಸ್ಪತ್ರೆಯಲ್ಲಿ ಕೇಳಿದಾಗ, ಮೊದಲ ಮಗುವಿಗೆ ಹೀಗೆಯೇ ಆಗುವುದು, ಚರ್ಮ ಗಟ್ಟಿಯಾದ ಮೇಲೆ ಸರಿಹೋಗುತ್ತದೆ ಎಂದು ಹೇಳಿ ಕಳುಹಿಸಿದ್ದರು.

ತಿಳಿದವರಿಗೆ ಉಪಯೋಗವಾದೀತೆಂದು ನಾನು ಹಾಲು ಕೊಡುವ ರೀತಿಯನ್ನೂ ಬರೆಯುತ್ತೇನೆ. ಚಾಪೆಯ ಮೇಲೆ ಕಾಲು ನೀಡಿ ಕುಳಿತು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸನ್ನು ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡು, ಅದರ ಮೂಗು ಮುಚ್ಚದಿರಲೆಂದು ಎರಡು ಬೆರಳುಗಳ ನಡುವೆ ಕತ್ತರಿಯಂತೆ ಮೊಲೆಯನ್ನು ಹಿಡಿದು, ಬಗ್ಗಿ ಬಾಯಿಗೆ ಇಡುತ್ತೇನೆ. ಮಲಗಿ ಹಾಲು ಕೊಟ್ಟರೆ ಮಗುವಿನ ಕಿವಿಗೆ ಹೋಗಿ ಕಿವಿ ಸೋರುತ್ತದೆಂದು ಅಜ್ಜಿ ಬಿಡುವುದಿಲ್ಲ. ಹಾಲಿಗೇನೂ ಕೊರತೆಯಿಲ್ಲ, ನಾಲ್ಕನೆಯ ದಿನ ಎದೆ ಕಲ್ಲಿನಂತೆ ಕಟ್ಟಿಕೊಂಡಿತ್ತು, ಈಗಲೂ ಬೆಳಗಿನ ಜಾವ ಹಾಗೆಯೇ ಆಗುತ್ತದೆ. ಈ ನೋವನ್ನು ಸಹಿಸಿಕೊಂಡೇ ಇರಬೇಕೆ? ರಕ್ತ ಕೂಸಿನ ಹೊಟ್ಟೆಗೆ ಹೋದರೆ ತೊಂದರೆಯಿಲ್ಲವೆ?

ಎರಡು ಮಕ್ಕಳ ತಾಯಿ, ಸಾಗರ

ತಂಗೀ, ಓದುತ್ತಿದ್ದಂತೆ ನನ್ನ ಮೊದಲ ಬಾಣಂತನವೇ ಕಣ್ಣ ಮುಂದೆ ಬಂತು. ಆಗ ನಾನು ಮೆಡಿಕಲ್ ಶಾಪಿನಿಂದ ತರಿಸದ ವಸ್ತುವಿರಲಿಲ್ಲ. ಲ್ಯಾನೊಲಿನ್ ಮುಲಾಮು ಹಚ್ಚಿದರೆ ಹಿತವಾಗುತ್ತಿದ್ದುದು ನಿಜ, ಆದರೆ ಮುಂದಿನ ಸಲ ಕೂಸು ಬಾಯಿ ಹಾಕಿದಾಗ ಅದೇ ಜಾಗ ಮತ್ತೆ ಒಡೆಯುತ್ತಿತ್ತು. ತೊಟ್ಟಿನ ಮೇಲೆ ಇಟ್ಟುಕೊಳ್ಳುವ ಸಿಲಿಕೋನ್ ಕವಚವನ್ನೂ ತರಿಸಿದೆ. ನೋವು ಕಡಿಮೆಯಾಯಿತು, ಜೊತೆಗೆ ಮಗನಿಗೆ ಸಿಗುವ ಹಾಲೂ ಕಡಿಮೆಯಾಗಿ ಅವನು ಅರ್ಧ ಗಂಟೆಗೊಮ್ಮೆ ಅಳತೊಡಗಿದ.

ನೀನು ಒಂದು ಕೆಲಸ ಮಾಡು. ಕೂಸು ಮೊಲೆ ಬಿಟ್ಟ ಕೂಡಲೇ ತೊಟ್ಟಿನ ಆಕಾರವನ್ನು ನೋಡು. ದುಂಡಗೆ, ತುಸು ಉದ್ದವಾಗಿ ಹೊರಬಂದಿದ್ದರೆ ಅದು ಹಿಡಿದದ್ದು ಸರಿಯಾಗಿದೆ. ಓರೆಯಾಗಿ ಕೊಯ್ದ ಕಬ್ಬಿನ ತುದಿಯಂತೆ ಒಂದು ಬದಿಗೆ ಚಪ್ಪಟೆಯಾಗಿದ್ದರೆ, ಅಥವಾ ನಡುವೆ ಬಿಳಿಯ ಗೆರೆ ಮೂಡಿದ್ದರೆ, ಅದು ತೊಟ್ಟನ್ನಷ್ಟೇ ಜಗಿಯುತ್ತಿದೆ ಎಂದು ಅರ್ಥ. ನನ್ನದು ಹಾಗೆಯೇ ಇತ್ತು, ನಿನ್ನದೂ ಹಾಗೆಯೇ ಇರಬಹುದೆಂದು ನನ್ನ ಊಹೆ.

ಇದನ್ನು ನನಗೆ ಅರ್ಥವಾಗುವಂತೆ ಹೇಳಿದವರು ನಮ್ಮ ಅತ್ತೆ, ಅದೂ ಕೊಟ್ಟಿಗೆಗೆ ಕರೆದುಕೊಂಡು ಹೋಗಿ. ಕರು ಕೆಚ್ಚಲಿಗೆ ಗುದ್ದಿ, ಮೂತಿಯನ್ನು ಮೇಲಕ್ಕೆತ್ತಿ, ತೊಟ್ಟನ್ನು ಬುಡದ ತನಕ ಬಾಯಿಗೆ ಎಳೆದುಕೊಳ್ಳುವುದನ್ನು ತೋರಿಸಿ, ಗಲ್ಲವನ್ನು ತನ್ನದೇ ಎದೆಗೆ ಒತ್ತಿಕೊಂಡು ಕುಡಿಯುವ ಕರುವನ್ನು ಎಲ್ಲಾದರೂ ನೋಡಿದ್ದೀಯಾ ಎಂದು ಕೇಳಿದರು. ಹೋಲಿಕೆ ಕೇಳಿ ಆಗ ಸಿಟ್ಟು ಬಂದಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಸಂಜೆಯೇ ಮಗನ ತಲೆಯನ್ನು ಹಿಂದಿನಿಂದ ಅದುಮುವುದನ್ನು ಬಿಟ್ಟು, ಅವನ ಮುಖ ತುಸು ಮೇಲಕ್ಕೆ ಬರುವಂತೆ ಹಿಡಿದೆ.

ಇನ್ನೊಂದು ಮಾತು. ಕೂಸು ಅಳುವ ತನಕ ಕಾಯಬೇಡ. ಬಾಯಿ ಚಪ್ಪರಿಸಿ, ಕೈಯನ್ನು ಬಾಯಿಗೆ ತಂದುಕೊಳ್ಳುವಾಗಲೇ ಎತ್ತಿಕೊಂಡರೆ ಅದು ಸಮಾಧಾನದಿಂದ ಬಾಯಿ ತೆರೆಯುತ್ತದೆ. ಹಸಿದು ಕಿರುಚುವ ಕೂಸು ಸಿಕ್ಕ ಕಡೆ ಕಚ್ಚಿಕೊಳ್ಳುತ್ತದೆ. ಕಡಿಮೆ ನೋವಿರುವ ಬದಿಯನ್ನೇ ಮೊದಲು ಕೊಡು.

ನಿವೃತ್ತ ಆರೋಗ್ಯ ಸಹಾಯಕಿ, ಶಿವಮೊಗ್ಗ

ಅಮ್ಮಾ, ಮೊದಲು ನಿಮ್ಮ ಹೆದರಿಕೆಗೆ ಉತ್ತರ ಹೇಳುತ್ತೇನೆ. ಒಡೆದ ತೊಟ್ಟಿನಿಂದ ಬರುವ ಅಷ್ಟು ರಕ್ತ ಕೂಸಿನ ಹೊಟ್ಟೆಗೆ ಹೋದರೆ ಹಾನಿಯಿಲ್ಲ. ಕಕ್ಕಿದ್ದರಲ್ಲಿ ಕೆಂಪು ಎಳೆ, ಮಲದಲ್ಲಿ ಕಪ್ಪು ಚುಕ್ಕೆ ಕಾಣಬಹುದು, ಗಾಯ ಮಾಗಿದಂತೆ ಅದು ನಿಲ್ಲುತ್ತದೆ. ಮಾಗಿದ ಮೇಲೂ ಹಾಲಿನಲ್ಲಿ ರಕ್ತ ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು. ತೂಕದ ಬಗ್ಗೆಯೂ ಈಗ ಗಾಬರಿ ಬೇಡ. ಮೊದಲ ದಿನಗಳಲ್ಲಿ ತೂಕ ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ದಿನಕ್ಕೆ 6 ಬಾರಿಗಿಂತ ಕಡಿಮೆಯಿಲ್ಲದಂತೆ ಬಟ್ಟೆ ಒದ್ದೆಯಾಗುತ್ತಿದೆಯೇ ಎಂದು ಎಣಿಸಿರಿ.

ಚರ್ಮ ಗಟ್ಟಿಯಾಗಬೇಕು ಎಂಬ ಮಾತನ್ನು ನಾನೂ ಸೇವೆಗೆ ಸೇರಿದ ಹೊಸತರಲ್ಲಿ ಅನೇಕ ತಾಯಂದಿರಿಗೆ ಹೇಳಿದ್ದೇನೆ, ಅದು ತಪ್ಪೆಂದು ಆಮೇಲೆ ಕಲಿತೆ. ಮೊದಲ ವಾರದಲ್ಲಿ ಕೂಸು ಬಾಯಿ ಹಾಕಿದ ಅರ್ಧ ನಿಮಿಷ ಚುರುಕ್ಕೆನ್ನುವುದು ಹಲವರಿಗೆ ಇರುತ್ತದೆ. ಕುಡಿಯುವಷ್ಟು ಹೊತ್ತೂ ನೋಯುವುದು, ಒಡೆಯುವುದು, ರಕ್ತ ಬರುವುದು ಸಹಿಸಿಕೊಂಡು ಕೂರುವ ಸಂಗತಿಗಳಲ್ಲ. ಕೂಸಿನ ಬಾಯಿಯ ಮೇಲ್ಭಾಗದಲ್ಲಿ ಮುಂದೆ ಗಟ್ಟಿ ಅಂಗುಳವಿದೆ, ಹಿಂದೆ ಮೆತ್ತನೆಯದಿದೆ. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಬಾಯೊಳಗೆ ಹೋದಾಗ ತೊಟ್ಟಿನ ತುದಿ ಆ ಮೆತ್ತನೆಯ ಜಾಗದ ಹತ್ತಿರ ನಿಲ್ಲುತ್ತದೆ, ಅಲ್ಲಿ ಅದಕ್ಕೆ ಏಟಿಲ್ಲ. ತೊಟ್ಟು ಮಾತ್ರ ಹೋದರೆ ನಾಲಿಗೆಗೂ ಗಟ್ಟಿ ಅಂಗುಳಕ್ಕೂ ನಡುವೆ ಸಿಕ್ಕಿ ಪ್ರತಿ ಗುಟುಕಿಗೂ ಉಜ್ಜಿಸಿಕೊಳ್ಳುತ್ತದೆ. ಹಾಗೆ ಉಜ್ಜುವ ತನಕ ಯಾವ ಮುಲಾಮೂ ಗಾಯವನ್ನು ಕೂಡಿಸಲಾರದು.

ನೀವು ಕುಳಿತುಕೊಳ್ಳುವ ರೀತಿಯನ್ನು ಬರೆದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಕಾರಣ ಅಲ್ಲಿಯೇ ಇರುವಂತಿದೆ. ಕೂಸು ಅಂಗಾತ ಮಲಗಿದ್ದರೆ ಅದು ಕತ್ತನ್ನು ಪಕ್ಕಕ್ಕೆ ತಿರುಗಿಸಿ ಕುಡಿಯಬೇಕು. ನೀವೇ ಒಮ್ಮೆ ಮುಖವನ್ನು ಭುಜದ ಕಡೆ ತಿರುಗಿಸಿಕೊಂಡು ನೀರು ಕುಡಿದು ನೋಡಿರಿ. ನೀವು ಬಗ್ಗಿದಾಗ ಮೊಲೆ ಮೇಲಿನಿಂದ ಇಳಿಯುತ್ತದೆ, ಬೆನ್ನು ನೋಯತೊಡಗಿದೊಡನೆ ನೀವು ತಿಳಿಯದೆ ಹಿಂದಕ್ಕೆ ಸರಿಯುತ್ತೀರಿ, ಆಗ ತೊಟ್ಟು ಜಾರಿ ಕೂಸಿನ ಒಸಡಿನ ಹತ್ತಿರ ಬಂದು ನಿಲ್ಲುತ್ತದೆ. ಕತ್ತರಿಯಂತೆ ಹಿಡಿದ ಬೆರಳುಗಳಂತೂ ಕೂಸಿನ ಬಾಯಿಗೆ ಹೋಗಬೇಕಾದ ಭಾಗವನ್ನೇ ಹೊರಗೆ ಎಳೆದು ಹಿಡಿದಿರುತ್ತವೆ. ಮೂಗು ಮುಚ್ಚುವ ಭಯಕ್ಕೆ ಬೆರಳು ಬೇಕಿಲ್ಲ. ಗಲ್ಲ ಮೊಲೆಗೆ ಒತ್ತಿಕೊಂಡು ತಲೆ ತುಸು ಹಿಂದಕ್ಕೆ ಬಾಗಿದ್ದರೆ ಮೂಗು ತಾನಾಗಿ ಬಿಡುವಾಗುತ್ತದೆ.

ಹೀಗೆ ಮಾಡಿ ನೋಡಿರಿ. ಗೋಡೆಗೆ ಎರಡು ದಿಂಬು ಇಟ್ಟು ಅರೆ ಮಲಗಿದಂತೆ ಒರಗಿಕೊಳ್ಳಿ, ಇದಕ್ಕೆ ಅಜ್ಜಿಯ ಆಕ್ಷೇಪವೂ ಇರಲಾರದು. ಕೂಸಿಗೆ ಸುತ್ತಿದ ಬಟ್ಟೆ ಬಿಚ್ಚಿ, ಅದರ ಹೊಟ್ಟೆ ನಿಮ್ಮ ಹೊಟ್ಟೆಗೆ ತಾಗುವಂತೆ ಮಲಗಿಸಿಕೊಂಡು, ಚಳಿಯಾಗದಂತೆ ಇಬ್ಬರ ಮೇಲೂ ಕಂಬಳಿ ಹೊದೆಯಿರಿ. ಕಿವಿ, ಭುಜ, ಸೊಂಟ ಒಂದೇ ನೇರದಲ್ಲಿರಲಿ. ನಿಮ್ಮ ಅಂಗೈ ಅದರ ಹೆಗಲುಗಳ ನಡುವೆ ಇರಬೇಕು, ತಲೆಯನ್ನು ಹಿಂದಿನಿಂದ ಒತ್ತಬಾರದು. ತೊಟ್ಟು ಅದರ ಮೂಗಿನ ನೇರಕ್ಕೆ ಬರುವಂತೆ ಹಿಡಿದು ಮೇಲ್ತುಟಿಗೆ ಸವರಿದರೆ, ಕೂಸು ಅದನ್ನು ಹುಡುಕುತ್ತ ತಲೆಯೆತ್ತಿ ಆಕಳಿಸುವಂತೆ ದೊಡ್ಡದಾಗಿ ಬಾಯಿ ತೆರೆಯುತ್ತದೆ. ಆ ಒಂದು ಕ್ಷಣಕ್ಕಾಗಿ ಕಾಯಿರಿ, ಅರ್ಧ ತೆರೆದ ಬಾಯಿಗೆ ಇಡಬೇಡಿ. ಬಾಯಿ ತೆರೆದಾಗ ಕೂಸನ್ನು ಎದೆಯ ಕಡೆಗೆ ತನ್ನಿರಿ, ಎದೆಯನ್ನು ಕೂಸಿನ ಕಡೆಗೆ ಒಯ್ಯಬೇಡಿ. ಸರಿಯಾಗಿ ಹಿಡಿದಾಗ ಕೆಳದುಟಿ ಹೊರಕ್ಕೆ ಮಡಚಿರುತ್ತದೆ, ಕೆನ್ನೆ ತುಂಬಿಕೊಂಡಿರುತ್ತದೆ, ಕಪ್ಪು ಭಾಗ ತೊಟ್ಟಿನ ಕೆಳಗಡೆಗಿಂತ ಮೇಲ್ಗಡೆ ಹೆಚ್ಚು ಕಾಣುತ್ತದೆ, ನುಂಗುವ ಸದ್ದು ಕೇಳುತ್ತದೆ. ಅರ್ಧ ನಿಮಿಷ ಕಳೆದರೂ ನೋವು ಹಾಗೆಯೇ ಇದ್ದರೆ ನಿಮ್ಮ ಕಿರುಬೆರಳನ್ನು ಅದರ ಬಾಯಿಯ ಮೂಲೆಯಿಂದ ಒಸಡುಗಳ ನಡುವೆ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿರಿ. ಬೆರಳು ಹಾಕದೆ ಎಳೆದು ಬಿಡಿಸುವುದರಿಂದಲೂ ಗಾಯಗಳಾಗುತ್ತವೆ. ಐದು ಸಲ ಬಿಡಿಸಬೇಕಾಗಿ ಬಂದರೂ ಬೇಸರಿಸಬೇಡಿ.

ಬೆಳಗಿನ ಜಾವ ಎದೆ ಕಟ್ಟಿಕೊಂಡಿರುವಾಗ ಕಪ್ಪು ಭಾಗವೂ ಉಬ್ಬಿ ಬಿಗಿದಿರುತ್ತದೆ. ಗಾಳಿ ತುಂಬಿದ ಚೆಂಡನ್ನು ಕಚ್ಚಲು ಹೊರಟಂತೆ ಕೂಸಿನ ಬಾಯಿ ಜಾರುತ್ತದೆ. ಹಾಲು ಕೊಡುವ ಮೊದಲು ತೊಟ್ಟಿನ ಸುತ್ತ ಬೆರಳ ತುದಿಗಳನ್ನು ಇಟ್ಟು ಪಕ್ಕೆಲುಬಿನ ಕಡೆಗೆ ಒಂದು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ, ಇಲ್ಲವೆ ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆಯಿರಿ. ಮೆತ್ತಗಾದ ಮೇಲೆ ಕೂಸಿಗೆ ಹಿಡಿಯುವುದು ಸುಲಭವಾಗುತ್ತದೆ.

ಇನ್ನು ಮನೆಮದ್ದು. ಜೇನುತುಪ್ಪ ಮಾತ್ರ ಖಂಡಿತ ಬೇಡ. ಅದು ಎಷ್ಟೇ ಶುದ್ಧವಾದ ಕಾಡುಜೇನಾದರೂ ಸರಿ, ಒಂದು ವರ್ಷದೊಳಗಿನ ಮಗುವಿನ ಬಾಯಿಗೆ ಹೋಗಬಾರದು. ಅದರಲ್ಲಿರಬಹುದಾದ, ಬೊಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ತರುವ ಕ್ರಿಮಿಯ ಬೀಜಾಣುಗಳನ್ನು ತಡೆಯುವ ಶಕ್ತಿ ಎಳೆಯ ಕರುಳಿಗಿಲ್ಲ. ತುಪ್ಪದಿಂದ ಅಂಥ ಅಪಾಯವಿಲ್ಲ, ಆದರೆ ಹಾಲು ಕೊಡುವ ಮುನ್ನ ಒರೆಸದಿದ್ದರೆ ಕೂಸಿನ ಬಾಯಿ ಜಾರುತ್ತದೆ. ತೊಟ್ಟಿಗೆ ಸೋಪು ಬೇಡ. ಹಾಲು ಕೊಟ್ಟ ನಂತರ ನಿಮ್ಮದೇ ಹಾಲಿನ ಎರಡು ಹನಿ ಸವರಿ ಗಾಳಿಗೆ ಒಣಗಲು ಬಿಡಿ. ನೋವು ತಡೆಯಲಾಗದಿದ್ದರೆ ಪ್ಯಾರಾಸಿಟಮಾಲ್ ಮಾತ್ರೆಯನ್ನು ಹಾಲುಣಿಸುವ ತಾಯಿ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬಹುದು.

ಬಲಗಡೆ ಮುಟ್ಟಲೂ ಆಗದಿದ್ದರೆ ಒಂದು ದಿನ ಆ ಬದಿಯ ಹಾಲನ್ನು ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಿರಿ. ತೊಳೆದು ಕುದಿಸಿದ ಪಾತ್ರೆಯಲ್ಲಿ ಮುಚ್ಚಿಟ್ಟ ಹಾಲು ಕೋಣೆಯಲ್ಲಿ 4 ಗಂಟೆ ಇರುತ್ತದೆ. ಹಿಂಡದೆ ಸುಮ್ಮನೆ ಬಿಟ್ಟು ಡಬ್ಬಿಹಾಲು ಕೊಟ್ಟರೆ ಎದೆಗೆ ಸಿಗುವುದು ವಿಶ್ರಾಂತಿಯಲ್ಲ. ಹಾಲು ನಿಂತು ಗಡ್ಡೆಯಾಗಿ ಬೇರೊಂದು ಕಷ್ಟ ಶುರುವಾಗುತ್ತದೆ. ಎದೆಯ ಒಂದು ಭಾಗ ಕೆಂಪಾಗಿ ಬಿಸಿಯಾಗಿ, ನಡುಕದೊಡನೆ 101 ಡಿಗ್ರಿ ಜ್ವರ ಬಂದರೆ ಅಂದೇ ತಾಲ್ಲೂಕು ಆಸ್ಪತ್ರೆಗೆ ಹೋಗಿರಿ, ಹಾಗಾದಾಗಲೂ ಹಾಲು ಕೊಡುವುದನ್ನು ನಿಲ್ಲಿಸಬೇಡಿ.

ಹೊಸನಗರದ ಒಬ್ಬ ತಾಯಿ

ಮೇಲಿನ ಅಮ್ಮನವರ ಅನುಭವದ ಮುಂದೆ ನನ್ನದು ಚಿಕ್ಕದು. ಆದರೂ ಗಾಳಿಗೆ ಒಣಗಲು ಬಿಡಿ ಎಂಬ ಮಾತಿಗೆ ನಮ್ಮ ಮಳೆಗಾಲದ ಮಟ್ಟಿಗೆ ಒಂದು ತಿದ್ದುಪಡಿ ಬೇಕೆನಿಸುತ್ತದೆ. ನನ್ನ ಮಗಳು ಹುಟ್ಟಿದ್ದು ಆಷಾಢದಲ್ಲಿ. ಹಿಡಿತ ಸರಿಯಾಯಿತು, ಬಿರುಕೂ ಮಾಯಿತು, ಆದರೆ ಹಾಲು ಕೊಟ್ಟು ಐದು ನಿಮಿಷಕ್ಕೆ ತೊಟ್ಟು ಸುಣ್ಣದಂತೆ ಬೆಳ್ಳಗಾಗಿ, ಆಮೇಲೆ ನೀಲಿಗಟ್ಟಿ, ಕೊನೆಗೆ ಕೆಂಪಾಗಿ ಸೂಜಿಯಿಂದ ಚುಚ್ಚಿದಂತೆ ನೋಯುತ್ತಿತ್ತು. ಕಿಟಕಿಯ ಪಕ್ಕ ಒಣಗಲು ಬಿಟ್ಟಷ್ಟೂ ಹೆಚ್ಚುತ್ತಿತ್ತು. ಚಳಿಗೆ ಅಲ್ಲಿನ ಸಣ್ಣ ರಕ್ತನಾಳಗಳು ಬಿಗಿದುಕೊಂಡು ಹೀಗಾಗುತ್ತದೆ, ಮೊದಲೇ ಜಜ್ಜಿದ ತೊಟ್ಟಿಗೆ ಇನ್ನೂ ಬೇಗ ಆಗುತ್ತದೆ ಎಂದು ವೈದ್ಯೆ ವಿವರಿಸಿದರು.

ಮಗಳು ಮೊಲೆ ಬಿಟ್ಟ ಕೂಡಲೇ ಬಚ್ಚಲ ಒಲೆಯ ಬಳಿ ಕಾಯಿಸಿಟ್ಟ ಒಣ ಹತ್ತಿ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದೆ. ನನಗೆ ಅಷ್ಟರಿಂದಲೇ ಸಾಕಾಯಿತು. ಸಾಲದವರಿಗೆ ವೈದ್ಯರು ನಿಫೆಡಿಪಿನ್ ಎಂಬ ಮಾತ್ರೆ ಬರೆದುಕೊಡುವುದುಂಟು. ಬಾಣಂತಿಗೆ ಕವಳ ಹಾಕಿಸುವ ಮನೆಯಾದರೆ ಅದರಲ್ಲಿ ಹೊಗೆಸೊಪ್ಪು ಇರಲೇಬಾರದು. ಅದು ರಕ್ತನಾಳವನ್ನು ಇನ್ನಷ್ಟು ಬಿಗಿಸುತ್ತದೆ, ಹಾಲಿಗೂ ಇಳಿಯುತ್ತದೆ.

ಹೊಸ ಬಾಣಂತಿ, ತೀರ್ಥಹಳ್ಳಿ ತಾಲ್ಲೂಕು

ಅಕ್ಕಂದಿರಿಗೂ ಅಮ್ಮನವರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ನಿನ್ನೆ ಸಂಜೆಯಿಂದ ಒರಗಿ ಕುಳಿತೇ ಕೊಡುತ್ತಿದ್ದೇನೆ. ಮೊದಲನೆಯ ಸಲ ನಾಲ್ಕು ಬಾರಿ ಬಿಡಿಸಿ ಹಿಡಿಸಬೇಕಾಯಿತು, ಕೂಸೂ ಅತ್ತಿತು, ನಾನೂ ಅತ್ತೆ. ನಡುರಾತ್ರಿಯ ಹೊತ್ತಿಗೆ ಒಂದು ಸಲ ಸರಿಯಾಗಿ ಹಿಡಿಯಿತು, ನೋವು ಹತ್ತೆಣಿಸುವಷ್ಟರಲ್ಲಿ ನಿಂತುಹೋಯಿತು. ಗುಟುಕು ನುಂಗುವ ಸದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ! ಬಲತೊಟ್ಟು ದುಂಡಗೆ ಹೊರಬಂತು. ಎಡತೊಟ್ಟು ಮಾತ್ರ ಇನ್ನೂ ಓರೆಯಾಗಿಯೇ ಬರುತ್ತಿದೆ. ಬಹುಶಃ ನನಗೆ ಎಡಗಡೆ ಹಿಡಿದುಕೊಳ್ಳಲು ಕೈ ಹೊಂದುತ್ತಿಲ್ಲ.

ಇನ್ನೆರಡು ಸಂದೇಹಗಳಿವೆ. ಕೂಸಿನ ನಾಲಿಗೆಯ ಮೇಲೆ ಬೆಳ್ಳಗೆ ಕಾಣುತ್ತದೆ, ಅದು ಹಾಲೋ ಅಗ್ರವೋ (ಬಾಯಿಯ ಬೂಷ್ಟಿನ ಸೋಂಕು) ತಿಳಿಯುತ್ತಿಲ್ಲ. ನಮ್ಮಲ್ಲಿ ಬಟ್ಟೆಗಳು ಎರಡು ದಿನವಾದರೂ ಒಣಗುತ್ತಿಲ್ಲವಾದ್ದರಿಂದ, ಎದೆಗೆ ಇಟ್ಟುಕೊಳ್ಳುವ ಬಟ್ಟೆಯನ್ನು ಅರೆ ಒದ್ದೆಯಿರುವಾಗಲೇ ಬಳಸುತ್ತಿದ್ದೇನೆ. ಅದರಿಂದ ತೊಂದರೆಯಾದೀತೆ?

ನಿವೃತ್ತ ಆರೋಗ್ಯ ಸಹಾಯಕಿ, ಶಿವಮೊಗ್ಗ

ಹೊಸನಗರದವರು ಹೇಳಿದ್ದು ಸರಿ. ಶಿವಮೊಗ್ಗದ ಬಿಸಿಲಿನಲ್ಲಿ ಕುಳಿತು ಗಾಳಿಗೆ ಒಣಗಿಸಿ ಎಂದು ಬರೆಯುವುದು ಸುಲಭ. ಆಗುಂಬೆಯ ಮಳೆಯಲ್ಲಿರುವವರು ಬೆಚ್ಚಗೆ ಮುಚ್ಚಿಕೊಳ್ಳುವುದೇ ಒಳ್ಳೆಯದು.

ಅರೆ ಒದ್ದೆ ಬಟ್ಟೆ ಬೇಡ. ತೇವದಲ್ಲಿ ಬಿರುಕು ಮಾಯುವುದಿಲ್ಲ, ಬೂಷ್ಟಿನ ಸೋಂಕಿಗೂ ಅದು ದಾರಿ. ಒಗೆದ ಬಟ್ಟೆಯನ್ನು ಒಲೆಯ ಮೇಲಿನ ಹಗ್ಗಕ್ಕೆ ಹಾಕಿ ಒಣಗಿಸಿ, ಬಳಸುವ ಮೊದಲು ಇಸ್ತ್ರಿ ಮಾಡಿಸಿಕೊಳ್ಳಿ. ಆದರೆ ನೀವಾಗಲಿ ಕೂಸಾಗಲಿ ಹೊಗೆಯ ಬಳಿ ಕೂರಬೇಡಿ.

ನಾಲಿಗೆಯ ಮೇಲಿನ ಬಿಳುಪನ್ನು ಬಿಸಿನೀರಿನಲ್ಲಿ ಹಿಂಡಿದ ಶುದ್ಧ ಬಟ್ಟೆಯಿಂದ ಮೆಲ್ಲಗೆ ಒರೆಸಿರಿ. ಹೋದರೆ ಅದು ಹಾಲು. ಹೋಗದೆ, ಕೆನ್ನೆಯ ಒಳಗೂ ತುಟಿಯ ಒಳಗೂ ಮೊಸರು ಚೆಲ್ಲಿದಂತೆ ಅಂಟಿಕೊಂಡಿದ್ದರೆ ಅದು ಅಗ್ರ. ಆಗ ನಿಮ್ಮ ತೊಟ್ಟು ಹೊಳೆಯುವ ಗುಲಾಬಿ ಬಣ್ಣಕ್ಕೆ ತಿರುಗಿ, ಹಾಲು ಕೊಟ್ಟ ಮೇಲೂ ಬೆಂಕಿ ಇಟ್ಟಂತೆ ಉರಿಯಬಹುದು. ನಾವು ಸೇವೆಯಲ್ಲಿದ್ದಾಗ ನೇರಳೆ ಬಣ್ಣದ ಔಷಧ ಹಚ್ಚುತ್ತಿದ್ದೆವು, ಈಗ ವೈದ್ಯರು ಬೇರೆ ಔಷಧ ಬರೆಯುತ್ತಾರೆ. ಯಾವುದೇ ಆಗಲಿ, ತಾಯಿಗೂ ಮಗುವಿಗೂ ಒಟ್ಟಿಗೇ ಹಚ್ಚಬೇಕು, ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಮರಳಿ ಬರುತ್ತಲೇ ಇರುತ್ತದೆ.

ಎಡಗಡೆಗೆ ಕೂಸನ್ನು ಕಂಕುಳ ಅಡಿಯಿಂದ, ಕೊಡ ಹೊತ್ತಂತೆ, ಅದರ ಕಾಲು ನಿಮ್ಮ ಬೆನ್ನಿನ ಕಡೆಗೆ ಹೋಗುವಂತೆ ಹಿಡಿದು ನೋಡಿ. ಅದು ಅತ್ತಾಗ ನಾಲಿಗೆಯನ್ನೂ ಗಮನಿಸಿ. ತುದಿ ಹೃದಯದ ಆಕಾರದಲ್ಲಿ ಸೀಳಿದಂತಿದ್ದರೆ, ಕೆಳಗಿನ ಒಸಡು ದಾಟಿ ಹೊರಬರದಿದ್ದರೆ, ನಾಲಿಗೆಯ ಕೆಳಗಿನ ತಂತು ಗಿಡ್ಡವಿರಬಹುದು. ಅಂಥ ಕೂಸು ಎಷ್ಟು ಚೆನ್ನಾಗಿ ಹಿಡಿಸಿದರೂ ಜಾರಬಹುದು. ಅದನ್ನು ಮಕ್ಕಳ ವೈದ್ಯರಿಗೆ ತೋರಿಸಬೇಕು. ತಾಲ್ಲೂಕಿನಲ್ಲಿ ಸಿಗದಿದ್ದರೆ ಇಲ್ಲಿ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಬರಬಹುದು. ಆಶಾ ಕಾರ್ಯಕರ್ತೆ 14, 21, 28 ಮತ್ತು 42ನೆಯ ದಿನಗಳಲ್ಲಿಯೂ ಮನೆಗೆ ಬರಬೇಕು. ಅವರು ತೂಗಿ ಹೋಗಿಬಿಡುವ ಮೊದಲು ಅವರೆದುರಿಗೇ ಒಮ್ಮೆ ಹಾಲು ಕೊಟ್ಟು ತೋರಿಸಿರಿ.

ಹೊಸ ಬಾಣಂತಿ, ತೀರ್ಥಹಳ್ಳಿ ತಾಲ್ಲೂಕು

ಇಂದಿಗೆ 16 ದಿನ. ಮೊನ್ನೆ ಆಶಾ ಅಕ್ಕ ತೂಗಿದಾಗ 2.95 ಕೆ.ಜಿ. ಬಂತು, ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟಿದ್ದಾರೆ. ನಾಲಿಗೆಯ ಬಿಳುಪು ಒರೆಸಿದಾಗ ಹೋಯಿತು, ಅದು ಹಾಲೇ ಆಗಿತ್ತು. ಬಲಗಡೆಯ ಸೀಳು ಕೂಡಿಕೊಂಡು ಈಗ ಒಂದು ಸಣ್ಣ ಗೆರೆ ಮಾತ್ರ ಉಳಿದಿದೆ. ಎಡಗಡೆಗೆ ಕೊಡ ಹೊತ್ತಂತೆ ಹಿಡಿದುಕೊಳ್ಳುವುದು ಹಗಲಿನಲ್ಲಿ ಚೆನ್ನಾಗಿ ಕೈಗೂಡಿದೆ. ಬೆಳಗಿನ ಜಾವದ ನಿದ್ದೆಗಣ್ಣಿನಲ್ಲಿ ಮರೆತು ಹಳೆಯ ರೀತಿಯಲ್ಲಿಯೇ ಬಗ್ಗಿಬಿಡುತ್ತೇನೆ, ಆ ಒಂದು ಹೊತ್ತಿನ ನೋವು ಮಧ್ಯಾಹ್ನದವರೆಗೂ ಇರುತ್ತದೆ. ಅದಕ್ಕಾಗಿ ಈಗ ರಾತ್ರಿ ಮಲಗುವ ಮೊದಲೇ ಅಮ್ಮ ಗೋಡೆಗೆ ದಿಂಬುಗಳನ್ನು ಜೋಡಿಸಿಟ್ಟು, ಕೂಸು ಎದ್ದಾಗ ತಾವೂ ಎದ್ದು ದೀಪ ಹಾಕುತ್ತಿದ್ದಾರೆ.